ಭೂಮಿಗೆ ಎಣ್ಣೆ, ನಮಗೆ ಮೂಲೆ

ನಮ್ಮ ತುಳುನಾಡಿನಲ್ಲಿ ಭೂಮಿ ಮುಟ್ಟಾದರೆ ಹಬ್ಬ, ಹೆಣ್ಣು ಮುಟ್ಟಾದರೆ ಮೈಲಿಗೆ. ಈ ಎರಡೂ ಮಾತುಗಳನ್ನು ಒಂದೇ ಮನೆಯಲ್ಲಿ, ಎಷ್ಟೋ ಸಲ ಒಂದೇ ಬಾಯಿಯಿಂದ ಕೇಳುತ್ತ ಬೆಳೆದವಳು ನಾನು. ಇದರಲ್ಲಿ ಏನೋ ಹೊಂದುವುದಿಲ್ಲ ಎಂದು ನಮ್ಮ ಹಿರಿಯರಲ್ಲಿ ಯಾರಿಗೂ ಅನ್ನಿಸಲಿಲ್ಲವೇ?

ಕೆಡ್ಡಸ ಗೊತ್ತಿಲ್ಲದವರಿಗಾಗಿ ಎರಡು ಮಾತು. ಪುಯಿಂತೆಲ್ ತಿಂಗಳ ಕೊನೆಗೆ, ಅಂದರೆ ಫೆಬ್ರವರಿಯ ಎರಡನೇ ವಾರದ ಹೊತ್ತಿಗೆ, ಭೂಮಿತಾಯಿ ಮುಟ್ಟಾಗುತ್ತಾಳೆ ಎನ್ನುವುದು ನಂಬಿಕೆ. ಮೂರು ದಿನ ನೆಲ ಅಗೆಯುವಂತಿಲ್ಲ, ಉಳುವಂತಿಲ್ಲ, ಹಸಿ ಗಿಡ ಕಡಿಯುವಂತಿಲ್ಲ. ಹಿಂದೆ ಗಂಡಸರು ಬೇಟೆಗೆ ಹೊರಡುತ್ತಿದ್ದರು. ಕೊನೆಗೆ ಹೆಂಗಸರು ಅಂಗಳದ ಮಣ್ಣಿಗೆ ಎಣ್ಣೆ, ಸೀಗೆ, ಅರಸಿನ, ಕುಂಕುಮ ಇಟ್ಟು ಅವಳ ಸ್ನಾನ ಮಾಡಿಸುತ್ತಾರೆ. ಪುರೋಹಿತರಿಲ್ಲ, ಮಂತ್ರವಿಲ್ಲ, ರಶೀದಿ ಪುಸ್ತಕವೂ ಇಲ್ಲ.

ನಮ್ಮ ಕಾಟಿಪಳ್ಳ ಬ್ಲಾಕುಗಳ ಊರು. 1960ರ ದಶಕದಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ಕಟ್ಟಲು ಹೊರಟಾಗ ಅಲ್ಲಿಂದ ಎಬ್ಬಿಸಿದ ಎಷ್ಟೋ ಸಂಸಾರಗಳಿಗೆ ಇಲ್ಲಿಯೂ ಕೃಷ್ಣಾಪುರದಲ್ಲಿಯೂ ಸೈಟು ಕೊಟ್ಟರು. ಹಾಗೆ ಬಂದವರಲ್ಲಿ ನನ್ನ ಅಜ್ಜಿಯೂ ಒಬ್ಬಳು. 1974ರಲ್ಲಿ ಅದು ದೇಶದ ದೊಡ್ಡ ಬಂದರುಗಳ ಸಾಲಿಗೆ ಸೇರಿತು. ಅಜ್ಜಿ ಬೀಡಿ ಕಟ್ಟುವವರ ಸಾಲಿಗೆ ಸೇರಿದಳು. ಗದ್ದೆಯೇ ಹೋದ ಮೇಲೆ ಕೆಡ್ಡಸ ಯಾಕೆ ಎಂದು ಮನೆಯಲ್ಲಿ ಅದನ್ನು ಬಿಟ್ಟುಬಿಟ್ಟರು.

ಇಪ್ಪತ್ತನೇ ವಯಸ್ಸಿನಲ್ಲಿ ನಾನು ಅದನ್ನು ಮತ್ತೆ ಹಿಡಿದೆ. ಗದ್ದೆ ಇಲ್ಲದಿದ್ದರೇನು, ಕಾಲ ಕೆಳಗೆ ಮಣ್ಣು ಇದೆಯಲ್ಲ! ನನಗೆ ಬೇಕಾದ ದೇವರು ಅಷ್ಟು ಹತ್ತಿರದವಳು. ಬೇರೆ ಗುರು, ಬೇರೆ ಮಠ ನನಗೆ ಬೇಡವಾಯಿತು. ಅಂದಿನಿಂದ ಮೂರು ಕಡೆಯ ಆಕ್ಷೇಪ ಕೇಳುತ್ತಿದ್ದೇನೆ.

ಮೊದಲನೆಯವರು ಕಲಿತವರು. ಇದು ಮೂಢನಂಬಿಕೆ ಎನ್ನುತ್ತಾರೆ. ಎಣ್ಣೆ ಹೊಯ್ದರೆ ಮಣ್ಣು ಫಲವತ್ತಾಗುತ್ತದೆ ಎಂದು ನಾನು ವಾದಿಸುವುದಿಲ್ಲ. ಆಚರಣೆಗೆಲ್ಲ ವಿಜ್ಞಾನದ ಅಂಗಿ ತೊಡಿಸುವ ಚಟ ನನಗಿಲ್ಲ. ವರ್ಷವಿಡೀ ಕೊಟ್ಟವಳಿಗೆ ಮೂರು ದಿನ ಬಿಡುವು ಕೊಡುವುದು ಕೃತಜ್ಞತೆ. ಅದಕ್ಕೆ ಪ್ರಯೋಗಶಾಲೆಯ ಸರ್ಟಿಫಿಕೇಟು ಯಾಕೆ ಬೇಕು?

ಎರಡನೆಯವರು ಶಾಸ್ತ್ರ ಕೇಳುವವರು. ಯಾವ ಗ್ರಂಥದಲ್ಲಿದೆ, ಯಾರು ಸಂಕಲ್ಪ ಮಾಡಿಸಿದರು ಎನ್ನುತ್ತಾರೆ. ಯುರೋಪಿನಲ್ಲಿ ಮರ, ಕಲ್ಲು, ನೀರನ್ನು ಪೂಜಿಸುತ್ತಿದ್ದವರನ್ನು ಪೇಗನ್ ಎಂದು ಕರೆದು ಹೀಗಳೆದರು. ಮೂಲ ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಹಳ್ಳಿಯವ ಎಂದಷ್ಟೇ ಅರ್ಥ. ನಮ್ಮ ಭೂತಾರಾಧನೆಯ ಪಾಡ್ದನಗಳನ್ನು ಸಂಗ್ರಹಿಸಿದ ಬರ್ನೆಲ್ ಸಾಹೇಬರ ಬರಹ 1890ರ ದಶಕದಲ್ಲಿ ಅಚ್ಚಾದದ್ದು ತುಳುವರ ಪಿಶಾಚಾರಾಧನೆ ಎಂಬ ಅರ್ಥದ ಹೆಸರಿನಲ್ಲಿ. ಅವರು ಹೊರಗಿನವರು, ಬಿಡಿ. ನಮ್ಮವರೇ ಈಗ ಹಳ್ಳಿಯ ಪೂಜೆ ಎಂದು ಮೂಗು ಮುರಿದರೆ ಯಾರಿಗೆ ಹೇಳುವುದು? 2022ರಲ್ಲಿ 'ಕಾಂತಾರ' ಬಂದ ಮೇಲೆ ದೈವಕ್ಕೆ ಊರೆಲ್ಲ ಕೈ ಮುಗಿಯಿತು, ಸಂತೋಷ. ಆದರೆ ಕೆಡ್ಡಸಕ್ಕೆ ಅಣಿಯಿಲ್ಲ, ಗಗ್ಗರವಿಲ್ಲ, ಅಬ್ಬರವಿಲ್ಲ. ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಎಣ್ಣೆ ಇಡುವ ಹೆಂಗಸನ್ನು ಯಾರು ಸಿನಿಮಾ ಮಾಡುತ್ತಾರೆ!

ಮೂರನೆಯವರು ನಮ್ಮ ಹೆಂಗಸರೇ. ಅವರ ಮಾತೇ ನನಗೆ ಹೆಚ್ಚು ಚುಚ್ಚುವುದು. ಒಂದು ವರ್ಷ ನನ್ನ ಮುಟ್ಟೂ ಕೆಡ್ಡಸವೂ ಒಟ್ಟಿಗೇ ಬಂದವು. ನೀನು ಮುಟ್ಟಬಾರದು, ಈ ಸಲ ಬೇರೆಯವರು ಎಣ್ಣೆ ಇಡಲಿ ಎಂದರು ಹಿರಿಯರೊಬ್ಬರು. ಅಕ್ಕಂದಿರೇ, ನೀವೇ ಹೇಳಿ, ಮುಟ್ಟಾದವಳ ಪೂಜೆಗೆ ಮುಟ್ಟಾದವಳೇ ಅನರ್ಹಳೇ? ನಾನು ಎಣ್ಣೆ ಇಟ್ಟೆ. ಅವಳು ಮುನಿಯಲಿಲ್ಲ.

ಆ ಮೂರು ದಿನ ಮೂಲೆಯಲ್ಲಿ ಕೂರಿಸುತ್ತಿದ್ದದ್ದೂ ವಿಶ್ರಾಂತಿಗಾಗಿ ಎಂದು ಕೆಲವರು ಸಮಜಾಯಿಷಿ ಕೊಡುತ್ತಾರೆ. ಬೀಡಿ ಕಟ್ಟಿ ಬೆನ್ನು ಬಾಗಿದವರಿಗೆ ಆ ಮೂಲೆ ಹಿತವಾಗಿಯೂ ಇದ್ದೀತು, ಒಪ್ಪುತ್ತೇನೆ. ಆದರೆ ಬೇಡವೆನ್ನುವ ಹಕ್ಕಿಲ್ಲದ ವಿಶ್ರಾಂತಿ ಶಿಕ್ಷೆಯೇ. ಭೂಮಿಯನ್ನು ಯಾರೂ ದೂರ ನಿಲ್ಲು ಎನ್ನುವುದಿಲ್ಲ. ನಾವೇ ಅವಳ ಬಳಿಗೆ ಹೋಗಿ ಮುಟ್ಟಿ ಉಪಚರಿಸುತ್ತೇವೆ. ಒಡಿಶಾದಲ್ಲಿ ಜೂನ್ ತಿಂಗಳ ರಜ ಹಬ್ಬವೂ ಭೂಮಿ ಮುಟ್ಟಾಗುವ ಹಬ್ಬವೇ. ಅಲ್ಲಿ ಹುಡುಗಿಯರು ಹೊಸ ಬಟ್ಟೆ ತೊಟ್ಟು ಉಯ್ಯಾಲೆ ಆಡುತ್ತಾರೆ, ಮನೆಗೆಲಸ ಮುಟ್ಟುವುದಿಲ್ಲ. ನಮ್ಮಲ್ಲಿ ಭೂಮಿಗೆ ರಜೆ. ನನ್ಯರಿ ಹುರಿದು ಪುಡಿ ಮಾಡಿ ಎಲ್ಲರಿಗೂ ಹಂಚುವವಳಿಗೆ ರಜೆಯಿಲ್ಲ.

ಆದ್ದರಿಂದ ನನ್ನ ವಾದ ಇಷ್ಟೇ. ಕೆಡ್ಡಸವನ್ನು ಬಿಡಬೇಡಿ, ಅರ್ಧಕ್ಕೆ ನಿಲ್ಲಿಸಲೂಬೇಡಿ. ಅಂಗಳವಿಲ್ಲದಿದ್ದರೆ ಫ್ಲ್ಯಾಟಿನ ತುಳಸಿ ಕುಂಡದ ಮಣ್ಣು ಸಾಕು. ಮನೆ ಕಟ್ಟಿಸುತ್ತಿದ್ದರೆ ಜೆಸಿಬಿಯವನಿಗೆ ಆ ಮೂರು ದಿನ ಬರಬೇಡವೆನ್ನಿ. ಮಗಳು ಮುಟ್ಟಾದಾಗ ಅದೇ ಎಣ್ಣೆ ಗಿಂಡಿಯಿಂದ ಅವಳ ತಲೆಗೂ ಒಂದಿಷ್ಟು ತಟ್ಟಿ, ಬಿಸಿನೀರು ಕಾಯಿಸಿ ಕೊಡಿ, ದೇವರ ದೀಪ ಹಚ್ಚು ಎನ್ನಿ. ಮಣ್ಣಿಗೆ ಸಲ್ಲುವ ಮರ್ಯಾದೆ ಮಗಳಿಗೆ ಸಲ್ಲದಿದ್ದರೆ, ಆ ಎಣ್ಣೆ ನೆಲಕ್ಕೆ ಚೆಲ್ಲಿ ದಂಡವಾದ ಎಣ್ಣೆ, ಅಷ್ಟೇ.