ಗಬ್ಬರನ ಬಂಡೆಗೆ ಹತ್ತಿರದ ದಾರಿ

ತುಮಕೂರಿನ ಓದುಗ ಮಿತ್ರರೊಬ್ಬರ ಕಾಗದ ಬಂದಿದೆ. "ಸ್ವಾಮೀ, ತಾವು ರಾಮನಗರದವರಂತೆ. ಗಬ್ಬರ್ ಸಿಂಗ್ ನಿಂತು ಅಬ್ಬರಿಸಿದ ಬಂಡೆಗೆ ಹತ್ತಿರದ ದಾರಿ ಯಾವುದು? ನಾಲ್ಕು ಜನ ಗೆಳೆಯರು ಬರೋರಿದ್ದೀವಿ. ಬೇಗ ಹತ್ತಿ ಬೇಗ ಇಳೀಬೇಕು, ರಾತ್ರಿ ಆಟಕ್ಕೆ ಟಿಕೆಟ್ ಆಗಿದೆ."

ಬನ್ನಿ ಗೆಳೆಯರೇ, ಧಾರಾಳವಾಗಿ ಬನ್ನಿ! ಆದರೆ ಹತ್ತಿರದ ದಾರಿ ಮಾತ್ರ ನನ್ನನ್ನು ಕೇಳಬೇಡಿ. ಯಾಕೆ ಅಂತ ಈ ವಾರ ಹೇಳಿಬಿಡ್ತೀನಿ.

ನನಗೆ ಬೆಟ್ಟದ ಹುಚ್ಚು ಹಿಡಿಸಿದವರು ನಮ್ಮ ತಾತ. 1973ರ ಅಕ್ಟೋಬರಿನಲ್ಲಿ ರಮೇಶ್ ಸಿಪ್ಪಿಯವರ ದಂಡು ಮುಂಬಯಿಯಿಂದ ಬಂದು ರಾಮದೇವರ ಬೆಟ್ಟದ ಬುಡದಲ್ಲಿ ರಾಮಗಢ ಅನ್ನೋ ಊರನ್ನೇ ಕಟ್ಟಿತಲ್ಲ, ಆಗ ತಾತನಿಗೆ ಇಪ್ಪತ್ತೆರಡರ ಹರೆಯ. ಮೇಕೆಗಳನ್ನು ತಮ್ಮನಿಗೆ ಒಪ್ಪಿಸಿ ಚಿತ್ರೀಕರಣದವರಿಗೆ ನೀರು ಹೊತ್ತರು. "ಶೋಲೆ" 1975ರ ಆಗಸ್ಟ್ 15ರಂದು ತೆರೆಕಂಡರೂ ತಾತ ಅದನ್ನು ನೋಡಿದ್ದು ಎಷ್ಟೋ ವರ್ಷದ ಮೇಲೆ, ನಮ್ಮನೆ ಟೀವಿಯಲ್ಲಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು. ನಾನು ಬಾಯಿಬಿಟ್ಟು ನೋಡ್ತಿದ್ರೆ ಅವರದು ಒಂದೇ ಸಮ ಗೊಣಗಾಟ.

"ಲೋ ಮಗಾ, ಆ ಕುದ್ರೆ ಅಲ್ಲಿಂದ ಇಲ್ಲಿಗೆ ಎಂಗ್ಲಾ ಬಂತು? ಅದು ಆಕಡೆ ಗುಡ್ಡ, ಇದು ಈಕಡೆ ಬಂಡೆ. ನಡುವೆ ದಾರಿನೇ ಇಲ್ಲ ಕಣ್ಲಾ!"

ಚಿತ್ರ ಮುಗಿದರೂ ತಾತನಿಗೆ ಸಮಾಧಾನವಿಲ್ಲ. ಮಾರನೇ ದಿನ ಬೆಳಗ್ಗೆ ನನ್ನ ಕೈಹಿಡಿದು ಹೊರಟೇಬಿಟ್ಟರು. ಸಂಕಲನಕಾರನ ಕತ್ತರಿ ಚಿಟಿಕೆ ಹೊಡೆಯೋದರೊಳಗೆ ದಾಟಿದ ಜಾಗ ನನ್ನ ಪುಟ್ಟ ಕಾಲಿಗೆ ಒಂದೂವರೆ ಗಂಟೆ ಹಿಡಿಯಿತು! (ಅಂದ ಹಾಗೆ, ಚಿತ್ರದ ರೈಲು ದರೋಡೆ ನಮ್ಮೂರಿನದಲ್ಲ. ಅದನ್ನು ತೆಗೆದದ್ದು ಮಹಾರಾಷ್ಟ್ರದ ಪನ್ವೇಲ್ ಕಡೆ. ನಮ್ಮ ಸ್ಟೇಷನ್ನಿನಲ್ಲಿ ಇಳಿದು "ಇದೇ ಹಳಿನಾ?" ಅಂತ ಫೋಟೋ ಹೊಡೆಸಿಕೊಳ್ಳುವ ಅಭಿಮಾನಿಗಳು ದಯವಿಟ್ಟು ಗಮನಿಸಿ.)

ಆಮೇಲೆ ಪ್ರತಿ ಭಾನುವಾರವೂ ಬೆಟ್ಟವೇ. ಹತ್ತೋ ಮುಂಚೆ ಇಳಿಯೋ ಜಾಗ ನೋಡ್ಕೋ ಅನ್ನೋರು. ಮೇಕೆ ಹೋದ ಕಡೆಯೆಲ್ಲ ಮನುಷ್ಯ ಹೋಗಬಾರದು ಅನ್ನೋರು. ಬಂಡೆಯ ಮೈಮೇಲೆ ಮೇಲಿಂದ ಕೆಳಕ್ಕೆ ಕಪ್ಪು ಪಟ್ಟೆ ಇರ್ತವೆ ನೋಡಿ, ಅವು ಮಳೆನೀರು ಹರಿಯೋ ಜಾಡು. ಒಣಗಿದ್ದಾಗ ಒರಟು, ನಾಲ್ಕು ಹನಿ ಬಿದ್ದರೆ ಸೋಪು. ಜಯಾ ಬಾಧುರಿ ಸಂಜೆಹೊತ್ತು ದೀಪ ಹಚ್ಚುವ ದೃಶ್ಯವಿದೆಯಲ್ಲ, ಬೇಕಾದ ಬೆಳಕು ದಿನಕ್ಕೆ ಕೆಲವೇ ನಿಮಿಷ ಸಿಗುತ್ತಿದ್ದುದರಿಂದ ಅದಕ್ಕೆ 20 ದಿನ ಹಿಡಿಯಿತು. ಕ್ಯಾಮೆರಾದವರು ಕಾದು ಕೂತ ಅದೇ ಬೆಳಕು ನಮ್ಮ ತಾತನಿಗೆ ಮನೆ ಸೇರುವ ಗಂಟೆ. ಕರಡಿ ಹೊರಡೋ ಹೊತ್ತು!

ಇಂಥ ಗುರು ಸಿಕ್ಕ ಮೇಲೆ ಪಿಯುಸಿ ಎಲ್ಲಿ ತಲೆಗೆ ಹತ್ತುತ್ತೆ? ಹಾಜರಾತಿ ಕಮ್ಮಿ ಬಿತ್ತು, ಬಿಟ್ಟೆ. ಅದರ ಬಗ್ಗೆ ನನಗೇನೂ ವ್ಯಥೆಯಿಲ್ಲ. ವ್ಯಥೆ ಇರೋದು ಬೇರೆ.

2014ರ ಜುಲೈ. ನನ್ನ ಜೊತೆಗಾರನೊಬ್ಬನಿದ್ದ. ಗಾಂಧಿನಗರಕ್ಕೆ ಹೋಗಿ ಫೈಟರ್ ಆಗ್ತೀನಿ ಅನ್ನೋನು. ಸುಮ್ಮನೆ ಅನ್ನೋನಲ್ಲ, ನಿಂತ ನಿಲುವಿನಲ್ಲೇ ಹಿಂದಕ್ಕೆ ಪಲ್ಟಿ ಹೊಡೆಯೋನು. ರಾಮದೇವರ ಬೆಟ್ಟದಿಂದಾಚೆ ಹೆಸರಿಲ್ಲದ ಒಂದು ಗುಡ್ಡದ ಮೇಲೆ ಇಬ್ಬರೂ ನಿಂತಿದ್ದೆವು. ಎದುರಿಗೆ ಇನ್ನೊಂದು ಬಂಡೆ, ಕೈಚಾಚಿದರೆ ಸಿಗೋ ಹಾಗೆ.

"ಲೋ, ಸುತ್ಕೊಂಡು ಯಾಕೋ ಹೋಗ್ಬೇಕು? ನೇರ ಇಳಿದು ಹತ್ತಿದ್ರೆ ಐದು ನಿಮಿಷ," ಅಂದ.

ಅರ್ಧ ಗಂಟೆ ಮುಂಚೆ ತುಂತುರು ಬಿದ್ದಿತ್ತು. ಅವನು ಕಾಲಿಡೋ ಜಾಗದಲ್ಲಿ ಕಪ್ಪು ಪಟ್ಟೆ ಮಿರಮಿರ ಹೊಳೀತಿತ್ತು. ನಾನು ಅದನ್ನು ನೋಡಿದೆ. ನೋಡಿಯೂ ಏನಂದೆ ಗೊತ್ತಾ? "ಹೋಗು ಮಗಾ, ನಾನು ಇಲ್ಲಿಂದ ಮೊಬೈಲಲ್ಲಿ ತೆಗೀತೀನಿ. ಭರ್ಜರಿ ಶಾಟ್ ಆಗುತ್ತೆ!"

ಎರಡು ಹೆಜ್ಜೆ ಸರಿಯಾಗೇ ಇಟ್ಟ. ಮೂರನೆಯದಕ್ಕೆ ಹವಾಯಿ ಚಪ್ಪಲಿ ಜಾರಿತು. ಇಪ್ಪತ್ತಡಿ ಉರುಳಿ ಲಂಟಾನ ಪೊದೆಯೊಳಗೆ ಬಿದ್ದ. ಚಿತ್ರದಲ್ಲಾಗಿದ್ದರೆ ನಾಯಕ ಮರುಕ್ಷಣವೇ ಗೆಳೆಯನ ಪಕ್ಕದಲ್ಲಿರುತ್ತಿದ್ದ. ನಾನು ಸುತ್ತುದಾರಿ ಹಿಡಿದು ಅವನ ಹತ್ತಿರ ಹೋಗೋಕೆ ನಲವತ್ತು ನಿಮಿಷ ಆಯಿತು. ಅಷ್ಟು ಹೊತ್ತೂ ಅವನು ಕೂಗುತ್ತಿದ್ದುದು ಕೇಳಿಸುತ್ತಿತ್ತು. ಕೂಗು ನಿಂತಾಗ ಇನ್ನೂ ಭಯವಾಯಿತು.

ಹಳ್ಳಿಯವರು ಕಂಬಳಿಯಲ್ಲಿ ಹೊತ್ತು ತಂದರು. ತೊಡೆಯ ಮೂಳೆ ಮುರಿದಿತ್ತು, ರಾಡ್ ಹಾಕಿದರು. ಈಗ ಎಡಗಾಲು ಒಂದಿಂಚು ಗಿಡ್ಡ. ಫೈಟರ್ ಆಗಬೇಕಿದ್ದವನು ಹೆದ್ದಾರಿ ಪಕ್ಕದಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ಅವರಮ್ಮನ ಹತ್ತಿರ ಅವನು ಹೇಳಿದ್ದು "ನಾನೇ ಆಟಕ್ಕೆ ಇಳಿಯಕ್ಕೋಗಿ ಜಾರ್ದೆ" ಅಂತ. ಶಾಟ್‌ನ ವಿಷಯ ಎತ್ತಲೇ ಇಲ್ಲ, ನಾನೂ ಬಾಯಿಬಿಡಲಿಲ್ಲ. ಹೋದಾಗಲೆಲ್ಲ ಆ ತಾಯಿ ಬಿಸಿ ಮುದ್ದೆ ಹಾಕಿ "ಉಣ್ಣಪ್ಪ, ಅವತ್ತು ನೀನಿಲ್ದಿದ್ರೆ ನನ್ ಮಗ ಉಳೀತಿರ್ಲಿಲ್ಲ" ಅಂತಾರೆ. ಮುದ್ದೆ ಗಂಟಲಲ್ಲಿ ಇಳಿಯೋದಿಲ್ಲ ಸ್ವಾಮೀ.

ಈಗಲೂ ಬೆಟ್ಟ ಬಿಟ್ಟಿಲ್ಲ ನಾನು. ಎಷ್ಟೋ ದಿನ ಒಬ್ಬನೇ ಹೋಗ್ತೀನಿ. ಮೊಬೈಲ್ ಜೇಬಿನಲ್ಲೇ ಇರುತ್ತೆ.

ತುಮಕೂರಿನ ಗೆಳೆಯರಿಗೆ: ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವಿನ ಮದ್ದು ಆ ದನಗಳ ಹೆಣ ತಿಂದ ರಣಹದ್ದುಗಳನ್ನು ದೇಶದುದ್ದಕ್ಕೂ ಕೊಂದುಹಾಕಿತು. 2006ರಲ್ಲಿ ದನಗಳಿಗೆ ಅದನ್ನು ಕೊಡೋದನ್ನು ನಿಷೇಧಿಸುವ ಹೊತ್ತಿಗೆ ಬಹುಪಾಲು ಮುಗಿದಿತ್ತು. ಉಳಿದ ಉದ್ದ ಕೊಕ್ಕಿನ ಹದ್ದುಗಳು ಗೂಡು ಕಟ್ಟೋದು ಇಂಥ ಕಡಿದಾದ ಬಂಡೆಗಳ ಸಂದಿನಲ್ಲೇ. ಅರಣ್ಯ ಇಲಾಖೆಯ ಗೇಟಿನಲ್ಲಿ ಟಿಕೆಟ್ ತಗೊಳ್ಳಿ, ಮೆಟ್ಟಿಲು ಬಿಟ್ಟು ಕದಲಬೇಡಿ, ಗಬ್ಬರನ ಡೈಲಾಗು ಕಿರುಚಬೇಡಿ. ಬಂಡೆ ಎಲ್ಲೂ ಓಡಿಹೋಗಲ್ಲ, ಅದಕ್ಕೆ 250 ಕೋಟಿ ವರ್ಷ ವಯಸ್ಸು.

ಇದನ್ನು ಸಂಪಾದಕರಿಗೆ ಕಳಿಸೋ ಮುಂಚೆ ಪಂಕ್ಚರ್ ಅಂಗಡಿಗೆ ಒಯ್ದು ಅವನ ಕೈಗೆ ಕೊಟ್ಟೆ. ಟ್ಯೂಬ್ ಪಕ್ಕಕ್ಕಿಟ್ಟು ಎರಡು ಸಲ ಓದಿದ.

"ಇಪ್ಪತ್ತಡಿ ಅಂತ ಬರ್ದಿದ್ದೀಯಲ್ಲೋ, ಮೂವತ್ತು ಹಾಕು," ಅಂದ. ಸ್ವಲ್ಪ ಹೊತ್ತು ಬಿಟ್ಟು, "ಅಮ್ಮಂಗೆ ನಾನು ಹೇಳಲ್ಲ. ನೀನೇ ಬಂದು ಓದು."

ಈ ಭಾನುವಾರ ಬೆಟ್ಟಕ್ಕಲ್ಲ, ಅವರ ಮನೆಗೆ ಹೊರಟಿದ್ದೀನಿ. ತುಮಕೂರಿನವರು ಮುಂದಿನ ಭಾನುವಾರ ಬನ್ನಿ. ರಾತ್ರಿ ಆಟದ ಟಿಕೆಟ್ ಯಾರಿಗಾದರೂ ಕೊಟ್ಟುಬಿಡಿ.