ಬೀಗದ ಕೈ ಕೊಂಡವನ ಕೈಯಲ್ಲಿರಲಿ

ಸಂತೆಯಲ್ಲಿ ಎತ್ತು ಕೊಂಡವನು ಮೂಗುದಾರ ಹಿಡಿದೇ ಊರಿಗೆ ಬರುತ್ತಾನೆ. ಎತ್ತು ನಿನ್ನದು, ಮೂಗುದಾರ ಮಾತ್ರ ನನ್ನದು ಎಂದು ಮಾರಿದವನು ಹೇಳಿದರೆ ನಮ್ಮ ಸೀಮೆಯ ಯಾವ ರೈತನೂ ಒಪ್ಪಲಾರ. ಫೋನಿನ ವ್ಯಾಪಾರದಲ್ಲಿ ಮಾತ್ರ ನಾವೆಲ್ಲ ಅದನ್ನು ಒಪ್ಪಿ ಕುಳಿತಿದ್ದೇವೆ. ಹಣ ತೆತ್ತವರು ನಾವು; ಅದರೊಳಗೆ ಏನಿರಬೇಕೆಂದು ತೀರ್ಮಾನಿಸುವವರು ಕಂಪನಿಯವರು.

ಮೊಳಕಾಲ್ಮೂರಿನ ನೇಕಾರ ರೇಷ್ಮೆ ಸೀರೆಯ ಚಿತ್ರ ಕಳುಹಿಸಿ ಗಿರಾಕಿ ಹಿಡಿಯುವುದು, ಚಳ್ಳಕೆರೆಯ ಬೆಳೆಗಾರ ಶೇಂಗಾ ಧಾರಣೆ ತಿಳಿಯುವುದು ಇದೇ ಫೋನಿನಲ್ಲಿ. ಅದರಲ್ಲಿ ಕಂಪನಿ ಮೊದಲೇ ತುಂಬಿ ಕಳುಹಿಸಿದ ಆ್ಯಪ್‌ಗಳು ಕರೆಯದೆ ಬಂದ ನೆಂಟರಂತೆ ಕುಳಿತು ಡೇಟಾ ತಿನ್ನುತ್ತವೆ, ಬ್ಯಾಟರಿ ತಿನ್ನುತ್ತವೆ. ಹಲವನ್ನು ತೆಗೆಯಹೋದರೆ ಫೋನು ಒಪ್ಪುವುದಿಲ್ಲ.

ಇದಕ್ಕೊಂದು ದಾರಿಯಿದೆ. ಅದರ ಹೆಸರು ಯುಎಸ್‌ಬಿ ಡೀಬಗಿಂಗ್. ಫೋನನ್ನು ಕೇಬಲಿನಿಂದ ಕಂಪ್ಯೂಟರಿಗೆ ಜೋಡಿಸಿ, ಎಡಿಬಿ ಎಂಬ ಉಚಿತ ತಂತ್ರಾಂಶದ ಮೂಲಕ ಅದಕ್ಕೆ ನೇರವಾಗಿ ಅಪ್ಪಣೆ ಕೊಡುವ ಬಾಗಿಲು ಇದು. ಆ್ಯಪ್ ಬರೆಯುವವರು ದೋಷ ಹುಡುಕಲೆಂದು ಮಾಡಿದ್ದಾದರೂ, ಬೇಡದ ಆ್ಯಪ್‌ಗಳನ್ನು ಬಳಕೆದಾರನ ಪಾಲಿಗೆ ತೆಗೆದುಹಾಕಲು ಒದಗುತ್ತದೆ. 2012ರ ಆಂಡ್ರಾಯ್ಡ್ 4.2ರಿಂದ ಈಚೆಗೆ ಈ ಬಾಗಿಲನ್ನು ಮರೆಯಲ್ಲಿಟ್ಟಿದ್ದಾರೆ. ಸೆಟ್ಟಿಂಗ್ಸ್‌ನ ‘ಫೋನ್ ಕುರಿತು’ ಎಂಬಲ್ಲಿ ‘ಬಿಲ್ಡ್ ಸಂಖ್ಯೆ’ಯನ್ನು ಏಳು ಸಲ ಒತ್ತಿದರೆ ‘ಡೆವಲಪರ್ ಆಯ್ಕೆಗಳು’ ತೆರೆಯುತ್ತವೆ, ಸ್ವಿಚ್ಚು ಅದರೊಳಗಿದೆ.

ನಮ್ಮ ಬ್ರಹ್ಮಗಿರಿಯ ಬಂಡೆಯನ್ನು ನೋಡಿ. 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನ ಅಲ್ಲಿದೆ. ಧರ್ಮದ ಫಲ ದೊಡ್ಡವರಂತೆ ಸಣ್ಣವರಿಗೂ ದೊರೆಯುವುದೆಂದು ಸಾರುವ ಮಾತು ಬ್ರಾಹ್ಮಿಯಲ್ಲಿದೆ. ಬರೆದ ಚಪಡ ತಾನು ಲಿಪಿಕಾರನೆಂಬುದನ್ನು ಮಾತ್ರ ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ ಕೊರೆದ. ಏಳು ಸಲ ಒತ್ತುವ ಗುಟ್ಟೂ ಅಂಥ ಖರೋಷ್ಠಿಯೇ. ಬಲ್ಲವರು ಓದಿಕೊಳ್ಳುತ್ತಾರೆ, ಉಳಿದವರು ಬಂಡೆ ನೋಡಿ ಬರುತ್ತಾರೆ.

ಕಾನೂನಿನ ಆಸರೆ ಎಷ್ಟರಮಟ್ಟಿನದು? 2022ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿ, ಮೊದಲೇ ತುಂಬಿದ ತನ್ನ ಆ್ಯಪ್‌ಗಳನ್ನು ತೆಗೆಯಲು ಬಳಕೆದಾರನಿಗೆ ಅಡ್ಡಿ ಮಾಡಬಾರದೆಂದಿತು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು ಆ ಸೂಚನೆಯನ್ನು ಕೈಬಿಟ್ಟಿತು. ದಂಡ ಬೊಕ್ಕಸಕ್ಕೆ, ಆ್ಯಪ್ ನಮ್ಮ ಕೊರಳಿಗೆ! 2025ರ ಆಗಸ್ಟಿನಲ್ಲಿ ಗೂಗಲ್ ಇನ್ನೊಂದು ಮಾತು ಪ್ರಕಟಿಸಿತು: ತನ್ನಲ್ಲಿ ಗುರುತು ದಾಖಲಿಸಿದವರ ಆ್ಯಪ್‌ಗಳನ್ನಷ್ಟೇ ಫೋನಿಗೆ ಹಾಕಿಕೊಳ್ಳಲು ಬಿಡುವ ಏರ್ಪಾಡು. ಅಲ್ಲಿಯೂ ಕೇಬಲಿನ ದಾರಿಗೆ ವಿನಾಯಿತಿ ಕೊಟ್ಟಿತು. ಮುಂದಿನ ಬಾಗಿಲು ಕಿರಿದಾದಷ್ಟೂ ಹಿತ್ತಿಲ ಬಾಗಿಲಿನ ಬೆಲೆ ಏರುತ್ತದೆ.

ಹಾಗೆಂದು ಹಿತ್ತಿಲ ಬಾಗಿಲನ್ನು ಹಗಲಿರುಳು ತೆರೆದಿಡುವುದು ಬುದ್ಧಿವಂತಿಕೆಯಲ್ಲ. ಅನುಮತಿ ಪಡೆದ ಕಂಪ್ಯೂಟರು ಚಿತ್ರಗಳನ್ನು ನಕಲು ಮಾಡಬಹುದು, ಹೊಸ ಆ್ಯಪ್ ತೂರಿಸಬಹುದು. 2013ರ ಆಂಡ್ರಾಯ್ಡ್ 4.2.2ರಿಂದ, ಹೊಸ ಕಂಪ್ಯೂಟರು ಜೋಡಿಸಿದಾಗ ಫೋನು ಪರದೆಯ ಮೇಲೆ ಒಪ್ಪಿಗೆ ಕೇಳುತ್ತದೆ. ಪರರ ಕಂಪ್ಯೂಟರಿನಲ್ಲಿ ‘ಯಾವಾಗಲೂ ಅನುಮತಿಸಿ’ ಎಂಬುದಕ್ಕೆ ಗುರುತು ಹಾಕಬೇಡಿ. ಕೆಲಸ ಮುಗಿದೊಡನೆ ಸ್ವಿಚ್ಚು ಆರಿಸಿ, ಕೊಟ್ಟ ಅನುಮತಿಗಳನ್ನು ಹಿಂಪಡೆಯಿರಿ. ಅಪರಿಚಿತರು ಕರೆ ಮಾಡಿ ಇದನ್ನು ತೆರೆಯಿರಿ ಎಂದರೆ ಕರೆಯನ್ನೇ ಕತ್ತರಿಸಿ. ಪರದೆ ಕಪ್ಪಾದ ಮೇಲೆ ಒಪ್ಪಿಗೆ ಒತ್ತಲು ಜಾಗವೇ ಕಾಣದು. ಆಗ ಈ ಬಾಗಿಲನ್ನು ನಂಬುವಂತಿಲ್ಲ, ಚಿತ್ರಗಳ ಪ್ರತಿಯನ್ನು ಮೊದಲೇ ತೆಗೆದಿಡಬೇಕು. ಚಾರ್ಜಿಗೆ ಮಾತ್ರವಿರುವ ಅಗ್ಗದ ಕೇಬಲಿನಲ್ಲಿ ಮಾಹಿತಿ ಸಾಗಿಸುವ ತಂತಿಯೇ ಇರುವುದಿಲ್ಲ ಎಂಬುದೂ ನೆನಪಿರಲಿ.

ಇಷ್ಟನ್ನು ತಿಳಿಯಲು ಪದವಿ ಬೇಕಿಲ್ಲ. ಸೈಕಲ್ಲಿನ ಸರಪಳಿ ಹಾಕಲು ಕಲಿತ ಹುಡುಗ ಇದನ್ನೂ ಕಲಿಯಬಲ್ಲ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ, ಪ್ರೌಢಶಾಲೆಗಳಲ್ಲಿ ಒಂದು ತಾಸಿನ ಪಾಠವಾಗಿ ಇದನ್ನು ಹೇಳಿಕೊಡಲಿ. ಬೇಡದ ಆ್ಯಪ್ ತೆಗೆಯುವ ಹಕ್ಕು ಕೇಬಲಿನ ಹಂಗಿಲ್ಲದೆ ಕಾನೂನಿನಲ್ಲೇ ದೊರೆಯಲಿ. ಅದು ದೊರೆಯುವವರೆಗೆ ಸಂಗಾತಿಗಳೇ, ಬಾಗಿಲು ತೆರೆಯುವುದನ್ನೂ ಮುಚ್ಚುವುದನ್ನೂ ಕಲಿಯಿರಿ. ಕಲಿತವರು ನೆರೆಯವರಿಗೆ ಕಲಿಸಿರಿ.