ಬ್ಯಾನಿಗೆ ಸುಳ್ಳು ಹೆಸರು ಬ್ಯಾಡ

ನನಗ ಮುಟ್ಟು ನಿಂತು ಆರು ವರ್ಷ ಆಗಿತ್ತು. ಹೋದ ಬ್ಯಾಸಗ್ಯಾಗ ಒಂದಿನ ಮುಂಜಾನೆ ಸೀರಿಗೆ ರೂಪಾಯಿ ಅಗಲದ ಕಲೆ ಕಂಡಿತು. ಹೊಟ್ಟಿನೋವಿಲ್ಲ, ಜ್ವರ ಇಲ್ಲ, ಏನೂ ಇಲ್ಲ. ಅವತ್ತ ಹಿತ್ತಲದಾಗ ಶಾವಗಿ ಮಾಡ್ಲಿಕ್ಕೆ ಕೂತಾಗ ಓಣಿ ಹೆಣ್ಮಕ್ಕಳ ಮುಂದ ಮೆಲ್ಲಕ ಹೇಳಿದೆ. “ಉಷ್ಣ ಆಗ್ಯದ, ಜೀರಗಿ ನೀರು ಕುಡೀರಿ” ಅಂದರು ಒಬ್ಬರು. ಇನ್ನೊಬ್ಬರು “ಕಾಮಕಸ್ತೂರಿ ಬೀಜ ನೆನಸಿ ತಗೋರಿ” ಅಂದರು. ಮತ್ತೊಬ್ಬರು “ವೈನಿ, ತಿರುಗಿ ಹರೇ ಬಂತೇನ್ರಿ?” ಅಂತ ನಕ್ಕರು. ನಾನೂ ನಕ್ಕೆ. ನಡುನಡುವ ಕಲೆ ಕಾಣ್ತಿತ್ತು, ನಾ ಜೀರಗಿ ನೀರು ಕುಡೀತಿದ್ದೆ. ಹಿಂಗ ಮೂರು ತಿಂಗಳ ಹೋತು.

ಯಾರನ್ನೂ ದೂರಲಿಕ್ಕೆ ಇದನ್ನ ಬರೀತಿಲ್ಲ. ಬ್ಯಾರೆಯವರು ಬಂದು ಹೇಳಿದ್ರ ನಾನೂ ಅದನ್ನ ಹೇಳ್ತಿದ್ದೆ.

ದೊಡ್ಡ ಮಗಳು ಬಸರಿದ್ದಳು. ಆಕಿನ ತೋರಸ್ಲಿಕ್ಕೆ ದವಾಖಾನಿಗೆ ಹೋದಾಗ ಹಂಗ ಮಾತಿಗೆ ಮಾತು ಅಂತ ಡಾಕ್ಟರಬಾಯಿ ಮುಂದ ಇದನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. “ಮುಟ್ಟು ನಿಂತು ಒಂದು ವರ್ಷ ದಾಟಿದ ಮ್ಯಾಲೆ ಒಂದು ಹನಿ ರಕ್ತ ಕಂಡರೂ ತೋರಸಬೇಕ್ರಿ” ಅಂದರು. ಅವತ್ತ ಸ್ಕ್ಯಾನಿಂಗ್ ಆತು. ಗರ್ಭಕೋಶದ ಒಳಪದರ ನನ್ನ ವಯಸ್ಸಿಗೆ 4 ಮಿಲಿಮೀಟರ್ ಒಳಗ ಇರಬೇಕಂತ. ನಂದು 13 ಇತ್ತು. ಪದರದ ಒಂದು ಚೂರು ತಗದು ಪರೀಕ್ಷಾಕ್ಕ ಕಳಿಸಿದರು. ಹತ್ತು ದಿವಸಕ್ಕ ರಿಪೋರ್ಟ್ ಬಂತು. ಕ್ಯಾನ್ಸರ್.

ಆ ರಾತ್ರಿ ನಮ್ಮನ್ಯಾಗ ಯಾರೂ ಉಣ್ಣಲಿಲ್ಲ. ಮರುದಿವಸ ನಮ್ಮ ಮನಿಯವರು, “ಹೊರಗ ಗಡ್ಡಿ ಆಪರೇಷನ್ ಅಂತ ಹೇಳೂಣು. ಸಣ್ಣಾಕಿ ಲಗ್ನ ಆಗೋದದ” ಅಂದರು. ನಾ ಹೂಂ ಅಂದೆ. ಸ್ವಂತ ಅಕ್ಕಗೂ ಗಡ್ಡಿ ಅಂತನ ಹೇಳಿದೆ.

ಆಪರೇಷನ್‌ಕ್ಕ ಮೊದಲ ದೊಡ್ಡ ಡಾಕ್ಟರು, “ನಿಮ್ಮ ಮನೆತನದಾಗ ಗರ್ಭಕೋಶದ್ದು, ಇಲ್ಲಾ ಕರುಳಿನ ಕ್ಯಾನ್ಸರ್ ಯಾರಿಗರೆ ಆಗಿತ್ತೇನು?” ಅಂತ ಕೇಳಿದರು. ನಮ್ಮ ಸೋದರತ್ತಿ ಸಣ್ಣ ವಯಸ್ಸಿನ್ಯಾಗ ಹೋದಳು. “ಹೊಟ್ಟಿಬ್ಯಾನಿ” ಅಂತ ಅಷ್ಟ ನಮಗ ಗೊತ್ತು. ಯಾವ ಬ್ಯಾನಿ ಅಂತ ಯಾರೂ ಹೇಳಿಲ್ಲ, ಈಗ ಹೇಳೋರೂ ಉಳಿದಿಲ್ಲ. “ಗೊತ್ತಿಲ್ರಿ” ಅಂದೆ. ಅವತ್ತ ಮೊದಲನೇ ಸಲ ನನಗ ಸಿಟ್ಟು ಬಂತು. ನಾನೂ ಅದನ್ನ ಮಾಡ್ಲಿಕ್ಕೆ ಹತ್ತೇನಲ್ಲಾ ಅಂತನೂ ಅನಿಸ್ತು.

ಗರ್ಭಕೋಶ, ನಳಿಗಿ, ಅಂಡಾಶಯ ಎಲ್ಲಾ ತಗದರು. ಬ್ಯಾನಿ ಗರ್ಭಕೋಶದಾಗನ ಇತ್ತು, ಹೊರಗ ಹಬ್ಬಿರಲಿಲ್ಲ. ಅದಕ್ಕ ಕೀಮೋ, ರೇಡಿಯೇಷನ್ ಏನೂ ಬೀಳಲಿಲ್ಲ. ಮರುದಿವಸನ ಎಬ್ಬಿಸಿ ನಡಿಸಿದರು. ಕೆಮ್ಮು ಬಂದರ ಹೊಟ್ಟಿಗೆ ದಿಂಬು ಒತ್ತಿ ಹಿಡೀರಿ ಅಂತ ನರ್ಸ್ ಕಲಿಸಿದಳು. ಅದೊಂದು ಯಾರಿಗಾದರೂ ಉಪಯೋಗ ಬೀಳ್ತದ, ನೆನಪಿಡ್ರಿ. ಆರು ವಾರ ಕೊಡ ಎತ್ತೂಹಂಗಿಲ್ಲ, ಹಿಟ್ಟಿನ ಡಬ್ಬಿ ಸುದ್ದಾ ಎತ್ತೂಹಂಗಿಲ್ಲ. ಕೂತು ತಿನ್ನೋದು ಆಪರೇಷನ್‌ಗಿಂತ ತ್ರಾಸ ಆತು ನನಗ. ಮೊಮ್ಮಗ ಹುಟ್ಟೂದ್ರಾಗ ಎತ್ತಿಕೊಳ್ಳೋಹಂಗ ಆದೆ. ಈಗ ನಾಲ್ಕು ತಿಂಗಳಿಗೊಮ್ಮೆ ತೋರಿಸಿಕೊಂಡು ಬರ್ತೇನಿ.

ಕೂಸಿನ ಹೆಸರಿಡೋದಕ್ಕ ಅಕ್ಕ ಬಂದಿದ್ದಳು. ರಾತ್ರಿ ಇಬ್ಬರ ಮಲಗಿದಾಗ ತಡಕೊಳ್ಳಲಿಕ್ಕೆ ಆಗದ ಖರೇ ಹೇಳಿಬಿಟ್ಟೆ. ಆಕಿ ಭಾಳ ಹೊತ್ತು ಮಾತಾಡಲಿಲ್ಲ. ಆಮ್ಯಾಲೆ, “ನನಗೂ ಐದು ತಿಂಗಳಾತು, ಆಗಾಗ ಕಾಣ್ತದ. ನಿಂದು ಗಡ್ಡಿ ಅಂದಿದ್ದೆಲ್ಲಾ, ನಂದೂ ಅದ ಇರಬೇಕು, ಅವಸರ ಇಲ್ಲ ಅಂತ ಸುಮ್ಮನಿದ್ದೆ” ಅಂದಳು.

ಮರುದಿವಸ ನಾನ ಕರಕೊಂಡು ಹೋದೆ. ರಿಪೋರ್ಟ್ ಬರೋತನಕ ನನ್ನ ರಿಪೋರ್ಟಿಗೂ ಕಾಯದಷ್ಟು ಹೆದರಿಕಿಲೆ ಕಾದೆ. ಆಕಿದು ಪಾಲಿಪ್ ಅಂತ ಬಂತು, ಕ್ಯಾನ್ಸರ್ ಅಲ್ಲ. ದೇವರು ದೊಡ್ಡಾಂವ. ಆದ್ರ ಆ ಐದು ತಿಂಗಳ ಆಕಿನ ಮನ್ಯಾಗ ಕೂಡಿಸಿದ್ದು ನನ್ನ ಸುಳ್ಳು.

ಅದಕ್ಕ ಈಗ ಎಲ್ಲಾರ ಮುಂದ ಹೇಳ್ತೇನಿ. ಹೇಳಿದರ ಜನ ಹೆದರತಾರ ಅಂತಾರ. ಹೌದು, ಒಬ್ಬರು ಬಂದು ಯಾರ್ಯಾರು ಈ ಬ್ಯಾನಿಲೆ ಸತ್ತರು ಅಂತ ಲೆಕ್ಕಾ ಹೇಳಿ ಚಾ ಕುಡದು ಹೋದರು. ಅವತ್ತ ಭಾಳ ಅತ್ತೆ. ಆದ್ರ ಖರೇ ಗೊತ್ತಾದ ಮ್ಯಾಲೆ ಎರಡು ರೊಟ್ಟಿ ಬಡದುಕೊಟ್ಟು, ನೀರು ತುಂಬಿಟ್ಟು ಹೋದವರೂ ಅದಾರ. ಮುಟ್ಟು ನಿಂತ ಮ್ಯಾಲೆ ರಕ್ತ ಕಂಡ ಹತ್ತು ಮಂದ್ಯಾಗ ಸುಮಾರು ಒಂಬತ್ತು ಮಂದಿಗೆ ಕ್ಯಾನ್ಸರ್ ಇರೂದಿಲ್ಲ. ಆದ್ರ ಆ ಹತ್ತನೇಯಾಕಿ ನಾವೇನು ಅಂತ ತೋರಿಸದ ಹೆಂಗ ಗೊತ್ತಾಗಬೇಕು? ಮೈ ಭಾರ ಇದ್ದವರು, ಸಕ್ಕರಿ ಬ್ಯಾನಿ ಇದ್ದವರು ಅಂತೂ ಒಂದು ವಾರನೂ ತಡಾ ಮಾಡಬಾರದು. ರೊಕ್ಕದ ಚಿಂತಿ ಇದ್ದರ, ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಮನಿಗೆ ವರ್ಷಕ್ಕ 5 ಲಕ್ಷದ ತನಕ ಅನುಕೂಲ ಅದ. ಸರ್ಕಾರಿ ದವಾಖಾನ್ಯಾಗ ಕೇಳ್ರಿ.

ಸಣ್ಣ ಮಗಳನ್ನ ಕೇಳೇ ಇದನ್ನ ಬರದೇನಿ. “ಇದನ್ನ ಕೇಳಿ ಒಲ್ಲೆ ಅನ್ನೋ ಮನಿ ನನಗೂ ಬ್ಯಾಡವ್ವಾ” ಅಂದಳು. ಮನಿಯವರು ಏನೂ ಅನ್ನಲಿಲ್ಲ. ಆದ್ರ ನಿನ್ನೆ ಅವರ ತಂಗಿಗೆ ಫೋನ್ ಮಾಡಿ, “ನಿನಗ ಹಂಗೇನರೆ ಆದ್ರ ಮುಚ್ಚಿಡಬ್ಯಾಡ” ಅಂತ ಹೇಳೂದು ಕೇಳಿಸ್ತು.

ಮತ್ತ ಶಾವಗಿ ದಿವಸ ಬಂದಾವ. ಹಿತ್ತಲದಾಗ ಕೂತಾಗ ಯಾರರೆ ಮೆಲ್ಲಕ ಹಿಂಗ ಆಗ್ಯದ ಅಂತ ಹೇಳಿದರ ಜೀರಗಿ ನೀರು ಹೇಳಬ್ಯಾಡ್ರಿ. “ನಾಳೆ ಮುಂಜಾನೆ ತಯಾರಾಗು, ನಾ ಜೋಡಿ ಬರ್ತೇನಿ” ಅನ್ರಿ. ಜೋಡಿ ಯಾರೂ ಇಲ್ಲ ಅಂದ್ರ ನನಗ ಹೇಳ್ರಿ, ನಾ ಬರ್ತೇನಿ.